ಸಿಕ್ಲಿಡ್ ತೊಟ್ಟಿಗೆ ಹೊಸ ಮೀನು ಬಿಡುವ ಮುನ್ನ

ಮಲೆನಾಡಿನ ಸೀತೂರಿನಂಥ ಊರಲ್ಲಿ ಮಳೆ ಹಿಡಿದು ಕೂತರೆ ಜಗುಲಿಯ ಗಾಜಿನ ತೊಟ್ಟಿಯೇ ಮನೆಯವರಿಗೆ ದೊಡ್ಡ ಜೊತೆ. ಯಾವುದೋ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದವರು ಕಣ್ಣಿಗೆ ಚೆಂದ ಕಂಡ ಎರಡು ಮೀನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಿಡಿದುಕೊಂಡು ಸಂಜೆ ಬಸ್ಸಿಗೆ ಮನೆಗೆ ಬರುತ್ತಾರೆ. ಬಂದವರೇ ಎರಡು ವರ್ಷದಿಂದ ಬೇರೆ ಮೀನು ನೆಲೆನಿಂತಿರುವ ತೊಟ್ಟಿಗೆ ಕೊಟ್ಟೆಯನ್ನು ಬಗ್ಗಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಹೊಸದರಲ್ಲಿ ಒಂದು ಇರುವುದಿಲ್ಲ, ಇನ್ನೊಂದು ಬಾಲ ಹರಿದುಕೊಂಡು ಫಿಲ್ಟರಿನ ಹಿಂದೆ ಅಡಗಿ ಕೂತಿರುತ್ತದೆ. ಮರುದಿನ ಅದೂ ಇರುವುದಿಲ್ಲ. ‘ಅಂಗಡಿಯವನು ಕೊಟ್ಟ ಮೀನೇ ಸರಿಯಿರಲಿಲ್ಲ’ ಎನ್ನುತ್ತೇವೆ. ಹೆಚ್ಚಿನ ಸಲ ಸರಿಯಿಲ್ಲದ್ದು ನಮ್ಮ ಅವಸರ.

ಗಪ್ಪಿ, ಮೋಲಿಗಳಾದರೆ ಇದು ಹೇಗೋ ನಡೆಯುತ್ತದೆ. ಸಿಕ್ಲಿಡ್ ಕುಟುಂಬದಲ್ಲಿ ನಡೆಯುವುದಿಲ್ಲ. ಏಂಜಲ್, ಆಸ್ಕರ್, ಫ್ಲವರ್‌ಹಾರ್ನ್, ಆಫ್ರಿಕಾದ ಮಲಾವಿ ಸರೋವರದ ಹಳದಿ ನೀಲಿ ಮೀನುಗಳು ಎಲ್ಲ ಇದೇ ಕುಟುಂಬದವು. ಸಂತೆಯಲ್ಲಿ ಮಾರುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ ಕೂಡ. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ಅದರಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬುದು ನಮ್ಮ ದಕ್ಷಿಣ ಕನ್ನಡದ ನದಿಗಳದ್ದು. ಮೀನುತಜ್ಞ ಫ್ರಾನ್ಸಿಸ್ ಡೇ 1877ರಲ್ಲಿ ಅದನ್ನು ಜಿಲ್ಲೆಯ ಹೆಸರಿನಿಂದಲೇ ಗುರುತಿಸಿದ. ಈ ಕುಟುಂಬದ ಮೀನು ತೊಟ್ಟಿಯೊಳಗೆ ಒಂದು ಕಲ್ಲು, ಒಂದು ಮೂಲೆ ನೋಡಿ ಅದನ್ನು ತನ್ನದೆಂದು ಕಾಯುತ್ತದೆ. ಮೊಟ್ಟೆಯಿಟ್ಟ ಜೋಡಿಯಂತೂ ಅರ್ಧ ತೊಟ್ಟಿಗೆ ಬೇಲಿ ಹಾಕಿಕೊಂಡಂತೆ ವರ್ತಿಸುತ್ತದೆ. ಅಲ್ಲಿಗೆ ಹೊಸಬರು ಬಂದರೆ ಅದು ಅತಿಕ್ರಮಣ.

ಮೊದಲು ನಿಮ್ಮ ನೀರು ಎಂಥದು ನೋಡಿ

ಮಲೆನಾಡಿನ ಬಾವಿ ನೀರು, ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು ಸಾಮಾನ್ಯವಾಗಿ ಮೆದು. ಅದರಲ್ಲಿ ಸುಣ್ಣದಂಶ ಕಡಿಮೆ. ದಕ್ಷಿಣ ಅಮೆರಿಕದ ಏಂಜಲ್, ಆಸ್ಕರ್‌ಗಳಿಗೆ ಇದು ಒಗ್ಗುತ್ತದೆ. ಮಲಾವಿ ಸರೋವರದ ಮೀನಿಗೆ ಪಿಎಚ್ 8ರ ಆಸುಪಾಸಿನ ಗಡಸು ನೀರು ಬೇಕು. ಟಾಂಗನ್ಯಿಕಾ ಸರೋವರದ್ದಕ್ಕೆ ಇನ್ನೂ ಹೆಚ್ಚು. ಅವುಗಳ ಮೇಲೆ ಆಸೆಯಿದ್ದರೆ ತೊಳೆದ ಕಪ್ಪೆಚಿಪ್ಪಿನ ಚೂರನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಡಿ. ಚಿಪ್ಪು ನಿಧಾನವಾಗಿ ಕರಗಿ ನೀರನ್ನು ಗಡಸು ಮಾಡುತ್ತದೆ. ಎಲೆಯಡಿಕೆಯ ಸುಣ್ಣವನ್ನು ಮಾತ್ರ ಹಾಕಬೇಡಿ, ಪಿಎಚ್ ಒಮ್ಮೆಲೇ ಏರಿ ಮೀನು ಸಾಯುತ್ತವೆ. ಅಮೆರಿಕದ ಮತ್ತು ಆಫ್ರಿಕಾದ ಮೀನನ್ನು ಒಂದೇ ತೊಟ್ಟಿಯಲ್ಲಿ ಸಾಕುವ ಯೋಚನೆಯನ್ನು ಬಿಡುವುದೇ ಒಳ್ಳೆಯದು.

ಗಾತ್ರ ನೋಡಿಯೇ ಆರಿಸಿ. ಆಸ್ಕರ್ ಒಂದು ಅಡಿ ಬೆಳೆಯುತ್ತದೆ, ಬಾಯಿಗೆ ಹಿಡಿಸುವುದನ್ನೆಲ್ಲ ನುಂಗುತ್ತದೆ. ಹಳೆಯ ಮೀನಿಗೆ ಸಮನಾದದ್ದನ್ನು, ಇಲ್ಲವೇ ಕೂದಲೆಳೆಯಷ್ಟು ದೊಡ್ಡದನ್ನು ತನ್ನಿ. ಒಂಟಿ ಮೀನಿಗಿಂತ ಮೂರ್ನಾಲ್ಕನ್ನು ಒಟ್ಟಿಗೆ ತರುವುದು ವಾಸಿ, ಏಟು ಒಂದೇ ಮೈಮೇಲೆ ಬೀಳುವುದಿಲ್ಲ. ಆದರೆ ಅಷ್ಟಕ್ಕೆ ತೊಟ್ಟಿಯಲ್ಲಿ ಜಾಗ ಇರಬೇಕು. ಒಂದೇ ಬಣ್ಣದ ಎರಡು ಗಂಡು ಬೇಡ. ಫ್ಲವರ್‌ಹಾರ್ನ್ ಇರುವ ತೊಟ್ಟಿಗೆ ಏನನ್ನೂ ತರಬೇಡಿ, ಅದು ಒಂಟಿಯಾಗಿಯೇ ಇರಲಿ.

ಬೇರೆ ತೊಟ್ಟಿಯ ವಾಸ

ಇಡೀ ಕೆಲಸದಲ್ಲಿ ಇದೇ ಮುಖ್ಯ, ಜನ ಬಿಟ್ಟುಬಿಡುವುದೂ ಇದನ್ನೇ. ಹೊಸ ಮೀನನ್ನು ಕನಿಷ್ಠ ಮೂರು ವಾರ, ಸಾಧ್ಯವಾದರೆ ನಾಲ್ಕು ವಾರ ಬೇರೆಯೇ ಇಡಬೇಕು. ನಲವತ್ತು ಐವತ್ತು ಲೀಟರಿನ ಸಾದಾ ತೊಟ್ಟಿ, ಒಂದು ಸ್ಪಂಜ್ ಫಿಲ್ಟರ್, ಅಡಗಲು ಒಂದು ಮಣ್ಣಿನ ಕುಂಡ ಇದ್ದರೆ ಸಾಕು. ಸ್ಪಂಜನ್ನು ತಿಂಗಳ ಮೊದಲೇ ದೊಡ್ಡ ತೊಟ್ಟಿಯಲ್ಲಿ ಓಡಲು ಬಿಟ್ಟಿರಿ. ಮೀನಿನ ಹೇಲಿನಿಂದ ಬರುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಸಿರುತ್ತದೆ. ಆಮೇಲೆ ಆ ಸ್ಪಂಜನ್ನು ಚಿಕ್ಕ ತೊಟ್ಟಿಗೆ ವರ್ಗಾಯಿಸಿದರೆ ಮೊದಲ ದಿನದಿಂದಲೇ ನೀರು ಹದದಲ್ಲಿರುತ್ತದೆ. ಅಲ್ಲಿಂದ ದೊಡ್ಡ ತೊಟ್ಟಿಗೆ ಮಾತ್ರ ಏನೂ ವಾಪಸು ಹೋಗಬಾರದು. ಬಲೆ, ಬಕೆಟ್ಟು, ಪೈಪು ಎಲ್ಲ ಬೇರೆ ಬೇರೆ.

ಬಕೆಟ್ಟಿನ ವಿಷಯವನ್ನು ಒತ್ತಿ ಹೇಳಬೇಕು. ಮಳೆ ಶುರುವಾಗುವ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯದ ಮನೆ ನಮ್ಮಲ್ಲಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ತಾಮ್ರ ಮೀನಿಗೆ ವಿಷ. ನಮ್ಮಂಥ ಮೆದು ನೀರಿನಲ್ಲಿ ಆ ವಿಷದ ಬಲ ಇನ್ನೂ ಹೆಚ್ಚು. ಮೈಲುತುತ್ತ ಕಲಸಿದ್ದ ಬಕೆಟ್ಟನ್ನು ಎರಡು ಸಲ ತೊಳೆದು ನೀರು ಬದಲಿಸಿದ್ದಕ್ಕೆ ನಾನು ಒಂದೇ ರಾತ್ರಿಯಲ್ಲಿ ಐದು ಏಂಜಲ್ ಕಳೆದುಕೊಂಡೆ. ಅಂದಿನಿಂದ ನಮ್ಮ ಮನೆಯಲ್ಲಿ ಮೀನಿನ ಬಕೆಟ್ಟಿಗೆ ಕೆಂಪು ಬಣ್ಣದ ಗುರುತು ಇದೆ. ಔಷಧಿ ಹೊಡೆಯುವ ವಾರ ತೋಟದ ಬದಿಯ ತೆರೆದ ತೊಟ್ಟಿಯ ನೀರನ್ನೂ ಮೀನಿಗೆ ಹಾಕಬೇಡಿ. ಹೊಸ ಮೀನು ತರುವುದಿದ್ದರೆ ಆ ಗಡಿಬಿಡಿ ಮುಗಿದ ಮೇಲೆ ತನ್ನಿ.

ಈ ಮೂರು ವಾರದಲ್ಲಿ ನೋಡಬೇಕಾದದ್ದು: ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ, ಕಲ್ಲಿಗೆ ಮೈ ಉಜ್ಜುವುದು, ಬಿಳಿ ದಾರದಂಥ ಹೇಲು, ಆಹಾರಕ್ಕೆ ಬಾರದಿರುವುದು. ಏನಾದರೂ ಕಂಡರೆ ಗುಣವಾದ ಮೇಲೆ ಮತ್ತೆ ಮೊದಲಿನಿಂದ ದಿನ ಎಣಿಸಿ.

ಕೊಟ್ಟೆ ಬಿಚ್ಚುವ ಹೊತ್ತು

ಕೊಟ್ಟೆಯನ್ನು ಕಟ್ಟಿದಂತೆಯೇ ಚಿಕ್ಕ ತೊಟ್ಟಿಯ ನೀರಿನ ಮೇಲೆ ಹದಿನೈದು ಇಪ್ಪತ್ತು ನಿಮಿಷ ತೇಲಲು ಬಿಡಿ. ಒಳಗಿನ ಹೊರಗಿನ ಶಾಖ ಒಂದಾಗಲಿ. ಆಮೇಲೆ ಹನಿ ಹನಿಯಾಗಿ ಗಂಟೆಗಟ್ಟಲೆ ನೀರು ಬೆರೆಸಬೇಕು ಎಂಬ ಸಲಹೆ ಎಲ್ಲ ಕಡೆ ಕೇಳುತ್ತೀರಿ. ಹತ್ತಿರದಿಂದ ತಂದ ಮೀನಿಗೆ ಅದು ಸರಿ. ಘಾಟಿ ರಸ್ತೆಯಲ್ಲಿ ಐದಾರು ಗಂಟೆ ಕುಲುಕಿ ಬಂದ ಮೀನಿಗೆ ಅಪಾಯ. ಕಟ್ಟಿದ ಕೊಟ್ಟೆಯಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ. ಆಗ ಅಲ್ಲಿರುವ ಅಮೋನಿಯಾ ಅಷ್ಟು ಕೆಡುಕು ಮಾಡುವುದಿಲ್ಲ. ಬಾಯಿ ಬಿಚ್ಚಿ ಗಾಳಿಯಾಡಿದ ಕೂಡಲೇ ಪಿಎಚ್ ಏರಿ ಅದೇ ಅಮೋನಿಯಾ ವಿಷವಾಗುತ್ತದೆ. ದೂರದಿಂದ ತಂದಿದ್ದರೆ ಅಂಗಡಿಯಲ್ಲೇ ಅವರ ನೀರಿನ ಪಿಎಚ್ ಕೇಳಿ, ಚಿಕ್ಕ ತೊಟ್ಟಿಯನ್ನು ಅದಕ್ಕೆ ಹೊಂದಿಸಿಟ್ಟು, ಕೊಟ್ಟೆ ಬಿಚ್ಚಿದ ಮೇಲೆ ತಡಮಾಡದೆ ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡಿ. ಕೊಟ್ಟೆಯ ನೀರು ತೊಟ್ಟಿಗೆ ಬೇಡ. ದಿನಕ್ಕಿಷ್ಟು ಎಂದು ನಿಮ್ಮ ನೀರಿಗೆ ಒಗ್ಗಿಸಲು ಮೂರು ವಾರ ಮುಂದಿದೆಯಲ್ಲ.

ಸೇರಿಸುವ ಸಂಜೆ

ಆ ದಿನ ದೊಡ್ಡ ತೊಟ್ಟಿಯ ಕಾಲು ಭಾಗ ನೀರು ಬದಲಿಸಿ, ಕಲ್ಲು, ಕಟ್ಟಿಗೆ, ಕುಂಡ ಎಲ್ಲವನ್ನೂ ಎತ್ತಿ ಬೇರೆ ಬೇರೆ ಜಾಗದಲ್ಲಿಡಿ. ಹಳೆಯ ಗಡಿಗಳು ಅಳಿಸಿಹೋಗುತ್ತವೆ. ಹಳೆಯವೂ ಹೊಸವೂ ಒಂದೇ ಹೊತ್ತಿಗೆ ಜಾಗ ಹುಡುಕಬೇಕಾಗುತ್ತದೆ. ಒಂದು ಮೀನಿಗೆ ಒಂದಕ್ಕಿಂತ ಹೆಚ್ಚು ಪೊಟರೆ ಇರುವಂತೆ, ಈ ತುದಿಯಿಂದ ಆ ತುದಿ ಕಾಣದಂತೆ ಕಲ್ಲು ಜೋಡಿಸಿ. ಹಳೆಯ ಮೀನಿಗೆ ಹೊಟ್ಟೆ ತುಂಬ ಆಹಾರ ಕೊಟ್ಟು, ದೀಪ ಆರಿಸಿ, ಕತ್ತಲಲ್ಲಿ ಹೊಸದನ್ನು ಬಿಡಿ. ಮೊಟ್ಟೆ, ಮರಿ ಇರುವಾಗ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.

ಮರುದಿನ ಅಟ್ಟಿಸಿಕೊಂಡು ಹೋಗುವುದು, ಬಾಯಿಗೆ ಬಾಯಿ ಕೊಟ್ಟು ಎಳೆದಾಡುವುದು ಇದ್ದೇ ಇರುತ್ತದೆ. ಅದಕ್ಕೆ ಹೆದರಬೇಡಿ. ಒಂದೇ ಮೀನು ಮೇಲಿನ ಮೂಲೆಯಲ್ಲಿ ನಿಂತು ಕೆಳಗಿಳಿಯದಿದ್ದರೆ, ರೆಕ್ಕೆ ಹರಿದು ಆಹಾರ ಬಿಟ್ಟರೆ ತಕ್ಷಣ ಬೇರೆ ಮಾಡಿ. ಆಗ ಏಟು ತಿಂದದ್ದನ್ನು ತೆಗೆಯುವ ಬದಲು ಹೊಡೆಯುವುದನ್ನೇ ಎತ್ತಿ ಒಂದು ವಾರ ಬೇರೆಯಿಡುವುದು ನನ್ನ ಪದ್ಧತಿ. ಅದು ಮರಳಿ ಬರುವಷ್ಟರಲ್ಲಿ ಅದೇ ಹೊಸಬ ಆಗಿರುತ್ತದೆ. ಮೀನಿನ ಸಂಖ್ಯೆ ಹೆಚ್ಚಿದ್ದರಿಂದ ಎರಡು ವಾರ ಆಹಾರ ಕಡಿಮೆ ಮಾಡಿ, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇದೆಯೇ ನೋಡಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಕಡೆ ಬ್ಯಾಟರಿಯ ಏರ್ ಪಂಪ್ ಒಂದು ಇಲ್ಲದೆ ಮೀನು ಹೆಚ್ಚಿಸುವುದೇ ಬೇಡ.

ಏನು ಮಾಡಿದರೂ ಹೊಂದಿಕೊಳ್ಳದ ಮೀನು ಒಂದಾದರೂ ಸಿಗುತ್ತದೆ. ಅದನ್ನು ಅಂಗಡಿಗೆ ವಾಪಸು ಕೊಡಿ, ಸಾಕುವ ಬೇರೆಯವರಿಗೆ ಕೊಡಿ. ‘ಪಾಪ, ಬದುಕಿಕೊಳ್ಳಲಿ’ ಎಂದು ಹಳ್ಳಕ್ಕೆ ಬಿಡಬೇಡಿ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಇವತ್ತು ದೇಶದ ಕೆರೆ, ಜಲಾಶಯಗಳನ್ನು ತುಂಬಿಕೊಂಡಿದೆ. ಅದೂ ಸಿಕ್ಲಿಡ್ಡೇ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಯಾವ ಹಳ್ಳದ ನೀರಾದರೂ ಕೊನೆಗೆ ಸೇರುವುದು ತುಂಗೆಗೆ, ಇಲ್ಲವೇ ಭದ್ರೆಗೆ. ಶೃಂಗೇರಿಯ ಮೆಟ್ಟಿಲ ಬಳಿ ನಾವು ಮಂಡಕ್ಕಿ ಹಾಕಿ ಕೈಮುಗಿಯುವ ಮೀನುಗಳಿರುವುದು ಆ ನೀರಿನಲ್ಲೇ. ತೊಟ್ಟಿಯಿಂದ ತೆಗೆದ ಹಳೆಯ ನೀರನ್ನೂ ಹಳ್ಳಕ್ಕೆ ಚೆಲ್ಲದೆ ಬಾಳೆಯ ಬುಡಕ್ಕೆ ಹಾಕಿ.