ಹಸಿರು ಗೃಹದ ಪ್ರಮಾಣ

'ಗೃಹ'ವೆಂಬ ಶಬ್ದವು 'ಗ್ರಹ್' ಎಂಬ ಧಾತುವಿನಿಂದ ನಿಷ್ಪನ್ನವಾದುದು. ಗ್ರಹಿಸುವುದು, ಎಂದರೆ ತೆಗೆದುಕೊಳ್ಳುವುದು, ಆ ಧಾತುವಿನ ಅರ್ಥ. ಗೃಹವು ಮನುಷ್ಯನನ್ನು ಒಳಗೆ ತೆಗೆದುಕೊಂಡು ಕಾಪಾಡುವುದಷ್ಟೆ. ಆದರೆ ಅದು ಅವನೊಬ್ಬನನ್ನೇ ಗ್ರಹಿಸುವುದಿಲ್ಲ; ಮಣ್ಣು, ಕಲ್ಲು, ಮರ, ನೀರು, ವಿದ್ಯುತ್ತುಗಳನ್ನೂ ಗ್ರಹಿಸುತ್ತದೆ. ಹೀಗೆ ಪ್ರಕೃತಿಯಿಂದ ಪಡೆದುದೆಷ್ಟು, ಉಳಿಸಿದುದೆಷ್ಟು ಎಂದು ಲೆಕ್ಕ ಕೇಳುವುದೇ 'ಹಸಿರು ಕಟ್ಟಡ'ವೆಂದು ಇಂದು ಪ್ರಸಿದ್ಧವಾಗಿರುವ ವಿಚಾರದ ತಿರುಳು.

ಈ ವಿಚಾರದಲ್ಲಿ ಎರಡು ಅಂಗಗಳುಂಟು. ಮೊದಲನೆಯದು ವಿನ್ಯಾಸ, ಎರಡನೆಯದು ಪರೀಕ್ಷೆ.

ವಿನ್ಯಾಸಕ್ಕೆ ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಸಂಸ್ಥೆಯ ಕಟ್ಟಡವು ಒಳ್ಳೆಯ ನಿದರ್ಶನ. ಆ ನಿವೇಶನದ ದಕ್ಷಿಣಕ್ಕೆ ದುರ್ನಾತದ ಮೋರಿ. ವಾಸ್ತುಶಿಲ್ಪಿ ಸಂಜಯ್ ಮೊಹೆಯವರು ಆ ದಿಕ್ಕನ್ನು ಗೋಡೆಯಿಂದ ಮುಚ್ಚಿ, ಅದಕ್ಕೆ ಕಪ್ಪು ಕಡಪ ಕಲ್ಲನ್ನು ಹೊದಿಸಿದರು. ಬಿಸಿಲಿಗೆ ಕಲ್ಲು ಕಾದಾಗ ಅದರ ಹಿಂದಣ ಗಾಳಿಯು ಬಿಸಿಯಾಗಿ ಮೇಲೇರುತ್ತದೆ. ತೆರವಾದ ಸ್ಥಳವನ್ನು ತುಂಬಲು ಉತ್ತರದ ಕಡೆಯಿಂದ ತಂಪಾದ ಗಾಳಿ ಒಳನುಗ್ಗುತ್ತದೆ. ಸುಡುವ ಬಿಸಿಲೇ ಬೀಸಣಿಗೆಯ ಕೆಲಸವನ್ನು ಮಾಡುವಂತಾದುದು ಇಲ್ಲಿಯ ಜಾಣ್ಮೆ.

ಸಾಮಗ್ರಿಯ ವಿಷಯವೂ ಹೀಗೆಯೇ. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ (1917–2007) ಅವರು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟುವ ಕ್ರಮವನ್ನು ಪ್ರಚುರಪಡಿಸಿದರು. ಇದರಿಂದ ಸುಮಾರು ಕಾಲುಪಾಲು ಇಟ್ಟಿಗೆ ಉಳಿಯುವುದಲ್ಲದೆ, ಟೊಳ್ಳಿನೊಳಗಣ ಗಾಳಿಯು ಹೊರಗಿನ ಕಾವನ್ನು ತಡೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಯನ್ನು ರೂಢಿಗೆ ತಂದಿತು. ಇದನ್ನು ಸುಡಬೇಕಾಗಿಲ್ಲ, ಆದುದರಿಂದ ಗೂಡಿನ ಸೌದೆಯೂ ಉಳಿಯಿತು, ಹೊಗೆಯೂ ತಪ್ಪಿತು.

ಇನ್ನು ಪರೀಕ್ಷೆಯ ಮಾತು. ಗುಣವನ್ನು ಅಂಕಗಳಿಂದ ಅಳೆಯುವ 'ಬ್ರೀಮ್' ಪದ್ಧತಿಯು 1990ರಲ್ಲಿ ಇಂಗ್ಲೆಂಡಿನಲ್ಲಿಯೂ, 'ಲೀಡ್' ಪದ್ಧತಿಯು 1998ರಲ್ಲಿ ಅಮೆರಿಕೆಯಲ್ಲಿಯೂ ತಲೆದೋರಿದವು. 2009ರಿಂದೀಚೆಗೆ ಲೀಡ್‌ನ ಒಟ್ಟು ಅಂಕ 110. ನಲವತ್ತು ಬಂದರೆ ತೇರ್ಗಡೆ, ಐವತ್ತಕ್ಕೆ ರಜತ, ಅರವತ್ತಕ್ಕೆ ಸುವರ್ಣ, ಎಂಬತ್ತಕ್ಕೆ ಪ್ಲಾಟಿನಂ ಎಂದು ಶ್ರೇಣಿ. ನಮ್ಮ ದೇಶದಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿಯು 2001ರಲ್ಲಿ ಸ್ಥಾಪಿತವಾಯಿತು. ಹೈದರಾಬಾದಿನ ಸೊಹ್ರಾಬ್‌ಜಿ ಗೋದ್ರೆಜ್ ಕೇಂದ್ರವು ಅಮೆರಿಕೆಯ ಹೊರಗೆ ಪ್ಲಾಟಿನಂ ಪದವಿಯನ್ನು ಪಡೆದ ಮೊದಲ ಕಟ್ಟಡವೆನಿಸಿತು. ಟೆರಿ ಸಂಸ್ಥೆಯು ಸಿದ್ಧಪಡಿಸಿ, 2007ರಲ್ಲಿ ಸರ್ಕಾರದ ಅಂಗೀಕಾರ ಪಡೆದ ದೇಶೀಯ ಪದ್ಧತಿಯ ಹೆಸರಂತೂ 'ಗೃಹ'ವೆಂದೇ ಇರುವುದು ಸ್ವಾರಸ್ಯಕರ.

ಆದರೆ ಪದವಿ ಪಡೆದ ಮಾತ್ರಕ್ಕೆ ಮಿತವ್ಯಯವು ಸಿದ್ಧಿಸುವುದೆ? 2009ರಲ್ಲಿ ಕೆನಡಾ ದೇಶದ ಸಂಶೋಧಕರು ಲೀಡ್ ಪದವಿ ಪಡೆದ ನೂರು ಕಟ್ಟಡಗಳ ಲೆಕ್ಕವನ್ನು ಪರಿಶೀಲಿಸಿದರು. ಸರಾಸರಿಯಲ್ಲಿ ಅವು ಇತರ ಕಟ್ಟಡಗಳಿಗಿಂತ ಚದರಡಿಗೆ ಶೇಕಡಾ 18ರಿಂದ 39ರಷ್ಟು ಕಡಿಮೆ ಶಕ್ತಿಯನ್ನು ಬಳಸಿದ್ದುವು. ಆದರೂ ಅವುಗಳಲ್ಲಿ ಶೇಕಡಾ 28ರಿಂದ 35ರಷ್ಟು ಕಟ್ಟಡಗಳು ತಮ್ಮಂಥ ಸಾಮಾನ್ಯ ಕಟ್ಟಡಗಳಿಗಿಂತ ಹೆಚ್ಚಾಗಿಯೇ ಬಳಸಿದ್ದುವು! ಪದವಿಯ ಮಟ್ಟಕ್ಕೂ ಬಳಕೆಯ ಮಿತಿಗೂ ಹೆಚ್ಚಿನ ಸಂಬಂಧವು ಕಂಡುಬರಲಿಲ್ಲ. ನಕ್ಷೆಯಲ್ಲಿ ಊಹಿಸಿದ ಬಳಕೆ ಬೇರೆ. ವಾಸಿಸುವವರ ಬಳಕೆ ಬೇರೆ. ಕಿಟಕಿ ಮುಚ್ಚಿ ಹಗಲಿನಲ್ಲಿಯೂ ದೀಪ ಉರಿಸುವವನಿಗೆ ಯಾವ ವಿನ್ಯಾಸವೂ ನೆರವಾಗಲಾರದು.

ಈ ಕೊರತೆಯನ್ನು ತುಂಬುವತ್ತಲೇ ಇತ್ತೀಚಿನ ಒಲವುಗಳು ಸಾಗಿವೆ. ಕಟ್ಟಿದ ಮೇಲಿನ ನಿಜವಾದ ಬಳಕೆಯನ್ನು ಅಳೆಯುವುದು ಒಂದು. ಸಿಮೆಂಟು, ಉಕ್ಕುಗಳ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲವನ್ನೂ ಕಟ್ಟಡದ ಲೆಕ್ಕಕ್ಕೆ ಸೇರಿಸುವುದು ಇನ್ನೊಂದು. 2025ರ ಲೀಡ್ ಆವೃತ್ತಿಯು ಇದನ್ನು ಕಡ್ಡಾಯಗೊಳಿಸಿದೆ. ಭಾರತದಲ್ಲಿ 2022ರ ಶಕ್ತಿ ಸಂರಕ್ಷಣಾ ತಿದ್ದುಪಡಿಯು ವಾಸದ ಕಟ್ಟಡಗಳನ್ನೂ ಶಕ್ತಿ ಸಂಹಿತೆಯ ವ್ಯಾಪ್ತಿಗೆ ತರಲು ಅವಕಾಶ ಕಲ್ಪಿಸಿದೆ.

'ಪ್ರಮಾಣ'ವೆಂಬ ಶಬ್ದಕ್ಕೆ ಕನ್ನಡದಲ್ಲಿ ಅಳತೆ, ಆಧಾರ, ಆಣೆ ಎಂಬ ಮೂರು ಅರ್ಥಗಳು ಸಲ್ಲುತ್ತವೆ. ಹಸಿರು ಗೃಹಕ್ಕೆ ಈ ಮೂರೂ ಬೇಕು. ಅಳತೆಯನ್ನು ಮೀಟರು ಕೊಡುತ್ತದೆ. ಆಧಾರವನ್ನು ಪರೀಕ್ಷಕರು ಕೊಡುತ್ತಾರೆ. ಮಿತವಾಗಿ ಬಾಳುವೆವೆಂಬ ಆಣೆಯನ್ನು ಒಳಗಿರುವವರೇ ಇಡಬೇಕು. ವಿದ್ಯಾರ್ಥಿಗಳು ತಮ್ಮ ಮನೆಯ ವಿದ್ಯುತ್ತಿನ ಬಿಲ್ಲುಗಳನ್ನು ಹನ್ನೆರಡು ತಿಂಗಳು ಜೋಡಿಸಿ ಓದಿದರೆ ಸಾಕು. ಗೋಡೆಯ ಮೇಲಣ ಫಲಕವು ಹೇಳದ ಸತ್ಯವನ್ನು ಆ ಹಾಳೆಗಳು ಹೇಳುತ್ತವೆ.