ಗಲ್ಲಾದಲ್ಲಿ ಕುಳಿತವರ ಸಿಟ್ಟು: ಅರಿಯುವ ಮತ್ತು ನಿಭಾಯಿಸುವ ಬಗೆ

ಹೋಟೆಲಿನಲ್ಲಿ ನಷ್ಟ ಯಾವ ಯಾವ ದಾರಿಯಲ್ಲಿ ಆಗುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಪ್ರತಿಯೊಬ್ಬ ಮಾಲಕರೂ ಬಾಯಿಪಾಠ ಒಪ್ಪಿಸಬಲ್ಲರು. ಉಳಿದು ಹುಳಿಯಾದ ಹಿಟ್ಟು, ಒಡೆದ ಗ್ಲಾಸು, ಪಾರ್ಸೆಲ್ ಆ್ಯಪ್‌ಗಳ ಕಮಿಷನ್, ವರ್ಷ ವರ್ಷ ಏರುವ ಬಾಡಿಗೆ, ತಿಂಗಳ 1ನೇ ತಾರೀಕಿಗೆ ಬದಲಾಗುವ 19 ಕಿಲೋ ಸಿಲಿಂಡರಿನ ದರ. ಆದರೆ ಮಾಲಕರ ಸಿಟ್ಟಿನಿಂದ ಆಗುವ ನಷ್ಟವನ್ನು ಯಾರೂ ಖಾತೆಗೆ ಬರೆಯುವುದಿಲ್ಲ. ಮಧ್ಯಾಹ್ನದ ರಶ್‌ನಲ್ಲಿ ಎಲ್ಲರೆದುರು ಬೈಸಿಕೊಂಡ ದೋಸೆ ಭಟ್ಟರು ಸಂಜೆಗೆ ಲೆಕ್ಕ ಚುಕ್ತಾ ಮಾಡಿ ಹೋದರೆ ಅದು 'ಈಗ ಜನ ಸಿಗುವುದಿಲ್ಲ' ಎಂಬ ಖಾತೆಗೆ ಹೋಗುತ್ತದೆ. ವಾದ ಮಾಡಿ ಕಳೆದುಕೊಂಡ ಗಿರಾಕಿ 'ವ್ಯಾಪಾರ ಡಲ್' ಎಂಬ ಖಾತೆಗೆ. ಏರಿದ ಬಿ.ಪಿ. 'ವಯಸ್ಸಾಯಿತು' ಎಂಬ ಖಾತೆಗೆ.

ನಮ್ಮ ಹಿರಿಯರಲ್ಲಿ ಅನೇಕರು ಹತ್ತು ಹನ್ನೆರಡನೆಯ ವಯಸ್ಸಿಗೇ ಊರು ಬಿಟ್ಟು ಬಂದು, ಕಪ್ಪು-ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ಅವರು ಕೆಲಸ ಕಲಿತದ್ದು ಬೈಗುಳ ತಿಂದೇ. ಹಾಗಾಗಿ ಬೊಬ್ಬೆ ಹಾಕುವುದೇ ಆಡಳಿತ, ಮೆತ್ತಗೆ ಮಾತಾಡುವವನಿಗೆ ಹೋಟೆಲ್ ನಡೆಸಲು ಬಾರದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಂದು ಹುಡುಗ ಊರಿನವನು; ಅವನ ತಂದೆಯ ಪರಿಚಯ ಮಾಲಕರಿಗೆ ಇರುತ್ತಿತ್ತು; ಬೈದವರೇ ಅವನ ಮದುವೆಗೂ ನಿಲ್ಲುತ್ತಿದ್ದರು. ಇಂದು ನಮ್ಮಲ್ಲಿರುವವರು ಒಡಿಶಾ, ಬಿಹಾರ, ಬಂಗಾಳ, ನೇಪಾಳದಿಂದ ಬಂದವರು. ಕೈಯಲ್ಲಿ ಮೊಬೈಲ್ ಇದೆ, ಪಕ್ಕದ ಬೀದಿಯಲ್ಲಿ ಕೆಲಸ ಇದೆ. ಹಳೆಯ ಬೈಗುಳ ಉಳಿದಿದೆ, ಅದನ್ನು ತಡೆದುಕೊಳ್ಳುತ್ತಿದ್ದ ಹಳೆಯ ಸಂಬಂಧ ಉಳಿದಿಲ್ಲ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ಶಾಸ್ತ್ರೀಯವಾಗಿ ಅಭ್ಯಾಸ ಮಾಡುವುದು ಅಗತ್ಯ.

ಶರೀರದಲ್ಲಿ ನಡೆಯುವುದೇನು?

ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಪಾಯ ಎದುರಾದಾಗ ಶರೀರವು ಹೋರಾಡಲು ಅಥವಾ ಓಡಿಹೋಗಲು ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ವಿವರಿಸಿದರು. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ, ರಕ್ತ ಸ್ನಾಯುಗಳ ಕಡೆಗೆ ಹರಿಯುತ್ತದೆ. ಹುಲಿ ಎದುರಾದರೆ ಇದರಿಂದ ಜೀವ ಉಳಿದೀತು. ಆದರೆ 7ನೇ ಟೇಬಲಿನ ಗಿರಾಕಿ ಸಾಂಬಾರ್ ತಣ್ಣಗಿದೆ ಎಂದು ಕೂಗಿದರೂ, ಮುನಿಸಿಪಾಲಿಟಿಯ ಇನ್‌ಸ್ಪೆಕ್ಟರ್ ಬಾಗಿಲಲ್ಲಿ ಕಾಣಿಸಿದರೂ ಶರೀರ ಹುಲಿ ಬಂತೆಂದೇ ತಿಳಿಯುತ್ತದೆ. ಆ ಹೊತ್ತಿನಲ್ಲಿ ಗಮನವೆಲ್ಲ ಎದುರಾಳಿಯ ಮೇಲೆ ನಿಂತು, ಲಾಭ-ನಷ್ಟ ತೂಗುವ ಬುದ್ಧಿ ಹಿಂದೆ ಸರಿಯುತ್ತದೆ. ಇಪ್ಪತ್ತು ರೂಪಾಯಿಯ ಸಾಂಬಾರಿಗಾಗಿ ಇಪ್ಪತ್ತು ವರ್ಷದ ಗಿರಾಕಿಯನ್ನು ಕಳೆದುಕೊಳ್ಳುವುದು ಆಗಲೇ.

ಮಾಲಕರ ದಿನಚರಿಯೂ ಇದಕ್ಕೆ ತುಪ್ಪ ಸುರಿಯುತ್ತದೆ. ಬೆಳಿಗ್ಗೆ ಐದಕ್ಕೆ ಶಟರ್ ಎತ್ತಿ ರಾತ್ರಿ ಹನ್ನೊಂದಕ್ಕೆ ಇಳಿಸುವವರು, ಊರಿಗೆಲ್ಲ ಊಟ ಬಡಿಸಿ ತಾವು ನಾಲ್ಕು ಗಂಟೆಗೆ ಉಣ್ಣುವವರು, ನಡುವೆ ಎಂಟು ಕಪ್ ಕಾಫಿ ಕುಡಿಯುವವರು ನಮ್ಮಲ್ಲಿ ಕಡಿಮೆಯೇನಲ್ಲ. ಹಸಿದ, ನಿದ್ದೆಗೆಟ್ಟ ಶರೀರ ಬೇಗ ಕೆರಳುತ್ತದೆ. ನಾವು ಸ್ವಭಾವವೆಂದು ಹೇಳುವ ಸಿಟ್ಟಿನಲ್ಲಿ ಒಂದಂಶ ಬರೀ ಹಸಿವು.

ಕಕ್ಕುವುದೂ ಅಲ್ಲ, ನುಂಗುವುದೂ ಅಲ್ಲ

'ಬೈದು ಬಿಟ್ಟರೆ ಮನಸ್ಸು ಹಗುರ' ಎಂದು ಹೇಳುವವರಿದ್ದಾರೆ. ಇದನ್ನು ಬ್ರಾಡ್ ಬುಷ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಪರೀಕ್ಷೆಗೆ ಒಡ್ಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ತಮ್ಮನ್ನು ಕೆರಳಿಸಿದವನನ್ನು ನೆನೆಯುತ್ತ ಚೀಲಕ್ಕೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ. ಏನೂ ಮಾಡದೆ ಸುಮ್ಮನೆ ಕುಳಿತವರಿಗಿಂತ ಅವರದೇ ಹೆಚ್ಚಿತ್ತು. ಬೊಬ್ಬೆ ಎಂಬುದು ಸಿಟ್ಟಿನ ವ್ಯಾಯಾಮ. ಮಾಡಿದಷ್ಟೂ ಅದು ಬಲಿಯುತ್ತದೆ.

ಹಾಗೆಂದು ಹಲ್ಲು ಕಚ್ಚಿ ನುಂಗಿಕೊಳ್ಳುವುದೂ ಪರಿಹಾರವಲ್ಲ. ಜೇಮ್ಸ್ ಗ್ರಾಸ್ 1998ರಲ್ಲಿ ನಡೆಸಿದ ಪ್ರಯೋಗದಲ್ಲಿ ಜನರಿಗೆ ಅಸಹ್ಯ ಹುಟ್ಟಿಸುವ ಚಿತ್ರ ತೋರಿಸಲಾಯಿತು. ಮುಖದಲ್ಲಿ ಏನೂ ತೋರಗೊಡದೆ ನೋಡಿದವರಿಗೆ ಒಳಗಿನ ಭಾವನೆ ಕಡಿಮೆಯಾಗಲಿಲ್ಲ, ಶರೀರದ ಉದ್ವೇಗ ಮಾತ್ರ ಏರಿತು. ಅದೇ ಚಿತ್ರವನ್ನು ಬೇರೆ ದೃಷ್ಟಿಯಿಂದ, ವೈದ್ಯನಂತೆ ನೋಡಿದವರಿಗೆ ಭಾವನೆಯೇ ಕಡಿಮೆಯಾಯಿತು. ಘಟನೆಯ ಅರ್ಥವನ್ನು ಬದಲಿಸಿಕೊಂಡರೆ ತಡೆಯಬೇಕಾದ ಸಿಟ್ಟೇ ಕಡಿಮೆಯಾಗುತ್ತದೆ ಎಂಬುದು ಇಲ್ಲಿನ ಪಾಠ.

ಉದಾಹರಣೆಗೆ, ಹುಡುಗ ಕೈಯಿಂದ ತಟ್ಟೆ ಬೀಳಿಸಿದ. 'ಇವನಿಗೆ ನನ್ನ ಸಾಮಾನಿನ ಮೇಲೆ ಕಾಳಜಿಯಿಲ್ಲ' ಎಂಬುದು ಒಂದು ಅರ್ಥ. 'ನೆಲ ಒದ್ದೆಯಾಗಿದೆ, ನಿನ್ನೆಯಿಂದ ಇಬ್ಬರು ರಜೆ, ಇವನು ಮೂವರ ಕೆಲಸ ಮಾಡುತ್ತಿದ್ದಾನೆ' ಎಂಬುದು ಇನ್ನೊಂದು. ಎರಡನೆಯ ಅರ್ಥ ಕೇವಲ ದಯೆಯಲ್ಲ, ಹೆಚ್ಚಿನ ಸಲ ಅದೇ ನಿಜ. ಅದನ್ನು ಕಂಡವರು ನೆಲ ಒರೆಸಲು ಹೇಳುತ್ತಾರೆ. ಮೊದಲನೆಯದನ್ನು ಕಂಡವರು ಬೈಯುತ್ತಾರೆ. ನೆಲ ಒದ್ದೆಯಾಗಿಯೇ ಉಳಿಯುತ್ತದೆ.

ಶಿಕಾಗೋ ಹೋಟೆಲುಗಳ ಪಾಠ

ನಮ್ಮ ಉದ್ಯಮಕ್ಕೇ ಸಂಬಂಧಿಸಿದ ಒಂದು ಮಹತ್ವದ ಅಧ್ಯಯನವಿದೆ. 1940ರ ದಶಕದಲ್ಲಿ ವಿಲಿಯಂ ಫೂಟ್ ವೈಟ್ ಎಂಬ ಸಮಾಜಶಾಸ್ತ್ರಜ್ಞರು ಶಿಕಾಗೋದ ಹೋಟೆಲುಗಳನ್ನು ಹೊಕ್ಕು ನೋಡಿದರು. ರಶ್ ಹೊತ್ತಿನಲ್ಲಿ ಬಡಿಸುವ ಹೆಂಗಸರಲ್ಲಿ ಕೆಲವರು ಅತ್ತುಬಿಡುತ್ತಾರೆ, ಕೆಲವರು ಅಳುವುದಿಲ್ಲ. ಇದೇಕೆ ಎಂಬುದು ಅವರು ಕೇಳಿಕೊಂಡ ಪ್ರಶ್ನೆ. ಫಲಿತಾಂಶ 1948ರಲ್ಲಿ ಪುಸ್ತಕವಾಗಿ ಬಂತು.

ಅವರು ಕಂಡ ಎರಡು ಸಂಗತಿಗಳು ನಮಗೆ ಮುಖ್ಯ. ಒಂದು, ಗಿರಾಕಿ ಕರೆಯುವ ಮೊದಲೇ ತಾವಾಗಿ ಮುಂದೆ ಹೋಗಿ, ಮಾತಾಡಿಸಿ, ಮೆನು ಕೊಟ್ಟು, ಟೇಬಲನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡವರು ಒತ್ತಡವನ್ನು ತಡೆದುಕೊಂಡರು. ಗಿರಾಕಿ ಹೇಳಿದ್ದಕ್ಕೆಲ್ಲ ಬರೀ ಪ್ರತಿಕ್ರಿಯೆ ಕೊಡುತ್ತ ಓಡಿದವರು ಕುಸಿದರು. ಎರಡು, ಜಗಳದ ಮುಖ್ಯ ಸ್ಥಳ ಅಡುಗೆಮನೆ ಮತ್ತು ಹಾಲ್ ಸೇರುವ ಕಟ್ಟೆ. ಹೊರಗಿನಿಂದ ಬಂದವಳು 'ಬೇಗ ಕೊಡು' ಎಂದು ಆಜ್ಞೆ ಮಾಡಿದಂತೆ ಕೂಗಿದರೆ ಒಳಗಿನವನಿಗೆ ಅವಮಾನ. ಅವನು ಬೇಕೆಂದೇ ತಡ ಮಾಡುತ್ತಾನೆ. ಆರ್ಡರನ್ನು ಚೀಟಿಯಲ್ಲಿ ಬರೆದು ಮೊಳೆಗೆ ಚುಚ್ಚಿಡುವ, ಒಳಗಿನವನು ಅದನ್ನು ಸರದಿಯಂತೆ ತೆಗೆಯುವ ಪದ್ಧತಿ ಇದ್ದಲ್ಲಿ ಈ ಘರ್ಷಣೆ ಕಡಿಮೆ. ಆಜ್ಞೆ ಕೊಡುವವಳು ವ್ಯಕ್ತಿಯಲ್ಲ, ಚೀಟಿ. ಚೀಟಿಯ ಮೇಲೆ ಯಾರೂ ಸಿಟ್ಟಾಗುವುದಿಲ್ಲ.

ಇಂದು ನಾವು ಕೆ.ಒ.ಟಿ. ಎನ್ನುವುದರ ಹಿಂದಿರುವ ತತ್ತ್ವವೂ ಇದೇ. ಎಷ್ಟೋ ಕಡೆ ಪ್ರಿಂಟರ್ ಇದೆ, ಆದರೂ ಹುಡುಗರು ಕಿಟಕಿಯಲ್ಲಿ ಕೂಗುತ್ತಾರೆ, ಮಾಲಕರೂ ಗಲ್ಲಾದಿಂದ 'ಆ ಮಸಾಲೆ ಮೊದಲು ಬಿಡಿ' ಎಂದು ಸರದಿ ಮುರಿಯುತ್ತಾರೆ. ಪಾರ್ಸೆಲ್ ಹುಡುಗರು ಅದೇ ಕಿಟಕಿಗೆ ಮುತ್ತುತ್ತಾರೆ. ಎಲ್ಲರಿಗೂ ತಲೆಬಿಸಿ. ಹೆಚ್ಚು ಸಿಟ್ಟು ಬರುವ ಜಾಗವನ್ನು ಗುರುತಿಸಿ, ಅಲ್ಲಿನ ವ್ಯವಸ್ಥೆ ಬದಲಿಸಿದರೆ ಮನುಷ್ಯರನ್ನು ಬದಲಿಸಬೇಕಾಗುವುದಿಲ್ಲ. ಪಾರ್ಸೆಲಿಗೆ ಬೇರೆ ಕಟ್ಟೆ, ರಶ್‌ಗೆ ಮುನ್ನ ಚಟ್ನಿ-ಪಲ್ಯ ತುಂಬಿಟ್ಟ ಪಾತ್ರೆ, ಚಿಲ್ಲರೆ ಇಟ್ಟ ಡ್ರಾಯರ್, ಒರೆಸಲು ಒಬ್ಬನೇ ಜವಾಬ್ದಾರ. ಇವೆಲ್ಲ ಮನಶ್ಶಾಂತಿಯ ಸಾಧನಗಳೇ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ

ಬ್ಯಾಂಕಿನವರಿಗೆ, ಲ್ಯಾಂಡ್‌ಲಾರ್ಡ್‌ಗೆ, ಸರಕಾರಿ ಕಚೇರಿಯವರಿಗೆ ನಾವು ಬೈಯಲಾರೆವು. ಅಲ್ಲಿ ತಡೆದ ಸಿಟ್ಟು ಕ್ಯಾಷಿಯರ್ ಮೇಲೆ ಇಳಿಯುತ್ತದೆ. ಕ್ಯಾಷಿಯರ್ ಹುಡುಗನ ಮೇಲೆ, ಹುಡುಗ ಗಿರಾಕಿಯ ಟೇಬಲಿನ ಮೇಲೆ ಗ್ಲಾಸು ಕುಕ್ಕುತ್ತಾನೆ. ಗಿರಾಕಿ ಮೊಬೈಲಿನಲ್ಲಿ ಒಂದು ಸ್ಟಾರ್ ಕೊಟ್ಟು ಹೋಗುತ್ತಾನೆ. ಅದನ್ನು ಓದಿ ಮಾಲಕರಿಗೆ ಪುನಃ ಸಿಟ್ಟು. ಮನೆಯಲ್ಲೂ ಇದೇ ಕತೆ. ರಾತ್ರಿ ತಂದೆ ತರುವ ಮುಖವನ್ನು ಇಪ್ಪತ್ತು ವರ್ಷ ನೋಡಿ ಬೆಳೆದ ಮಗ, 'ನನಗೆ ಹೋಟೆಲ್ ಬೇಡ' ಎಂದರೆ ಅವನು ಬೇಡವೆಂದದ್ದು ವ್ಯಾಪಾರವನ್ನೋ ಆ ಮುಖವನ್ನೋ ಎಂದು ವಿಚಾರಿಸಬೇಕು.

ರೂಢಿ ಮಾಡಿಕೊಳ್ಳಬೇಕಾದ ಕ್ರಮಗಳು

1. ಹೆಸರಿಡಿ. ಸಿಟ್ಟು ಏರುವಾಗ 'ನನಗೆ ಸಿಟ್ಟು ಬರುತ್ತಿದೆ' ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಅದು ಅವಮಾನವೋ, ಭಯವೋ, ಹಸಿವೋ ಎಂದು ಕೇಳಿಕೊಳ್ಳಿ. ಸಾಲದ ಕಂತಿನ ಭಯ ಹೆಚ್ಚಾಗಿ ಸಿಟ್ಟಿನ ವೇಷ ಹಾಕಿಕೊಂಡು ಬರುತ್ತದೆ.

2. ಉಸಿರು ನಿಧಾನಿಸಿ. ಎಳೆದುಕೊಳ್ಳುವುದಕ್ಕಿಂತ ದೀರ್ಘವಾಗಿ ಬಿಡುವ ಐದಾರು ಉಸಿರು ಎದೆಬಡಿತವನ್ನು ಇಳಿಸಲು ನೆರವಾಗುತ್ತದೆ. ನೋಟು ಎಣಿಸುತ್ತಲೇ ಇದನ್ನು ಮಾಡಬಹುದು, ಯಾರಿಗೂ ತಿಳಿಯದು.

3. ಗಲ್ಲಾ ಬಿಟ್ಟು ಏಳಿ. ಕುಳಿತಲ್ಲಿಂದ ಕೂಗಬೇಡಿ. ಎದ್ದು ಆ ವ್ಯಕ್ತಿಯ ಹತ್ತಿರ ಹೋಗುವ ಹತ್ತು ಹೆಜ್ಜೆಯಲ್ಲಿ ಧ್ವನಿ ತಾನಾಗಿ ಇಳಿಯುತ್ತದೆ.

4. ರಶ್‌ನಲ್ಲಿ ಕೆಲಸ ಮಾತ್ರ, ವಿಚಾರಣೆ ನಂತರ. 12.30ರಿಂದ 2.30ರ ನಡುವೆ 'ಇದನ್ನು ಒರೆಸು, ಇನ್ನೊಂದು ಕೊಡು' ಎಂಬಷ್ಟೇ ಮಾತು ಸಾಕು. ಏಕೆ ಹೀಗಾಯಿತು ಎಂಬುದನ್ನು ಮೂರೂವರೆಗೆ, ಚಹಾ ಕುಡಿಯುತ್ತ, ಒಬ್ಬನನ್ನೇ ಕರೆದು ಕೇಳಿ. ತಪ್ಪಿಗೆ ವಿನಾಯಿತಿ ಕೊಡಿ ಎಂದು ಇದರ ಅರ್ಥವಲ್ಲ. ಕಳ್ಳತನ, ಶುಚಿತ್ವದ ಲೋಪಗಳಿಗೆ ಕಟ್ಟುನಿಟ್ಟು ಇರಲೇಬೇಕು. ಕಟ್ಟುನಿಟ್ಟಿಗೆ ಬೊಬ್ಬೆ ಬೇಕಿಲ್ಲ.

5. ಗಿರಾಕಿಯೊಡನೆ ಮೊದಲು ಕೆಲಸ, ಆಮೇಲೆ ಮಾತು. ತಟ್ಟೆ ಬದಲಿಸಿ, ನಂತರ ವಿಚಾರಿಸಿ. ಆ್ಯಪ್‌ನಲ್ಲಿ ಬಂದ ಕೆಟ್ಟ ಅಭಿಪ್ರಾಯಕ್ಕೆ ರಾತ್ರಿ ಹನ್ನೊಂದಕ್ಕೆ ಉತ್ತರ ಬರೆಯಬೇಡಿ. ಬೆಳಿಗ್ಗೆ ತಿಂಡಿಯ ಗಡಿಬಿಡಿ ಮುಗಿದ ಮೇಲೆ ಬರೆಯಿರಿ.

6. ರಶ್‌ಗೆ ಮುನ್ನ ಉಣ್ಣಿ. ಹನ್ನೆರಡಕ್ಕೆ ಅರ್ಧ ಊಟವಾದರೂ ಆಗಿರಲಿ. ವಾರದಲ್ಲಿ ಒಂದು ಹೊತ್ತು ಗಲ್ಲಾವನ್ನು ಬೇರೆಯವರಿಗೆ ಒಪ್ಪಿಸಿ.

ಕೈಯಲ್ಲಿಲ್ಲದ ಒತ್ತಡಗಳು

ಕೆಲವು ಒತ್ತಡಗಳಿಗೆ ನಾವು ಕಾರಣರಲ್ಲ. 2016ರ ನೋಟು ರದ್ದತಿ, 2017ರ ಜಿ.ಎಸ್.ಟಿ., 2020ರ ಲಾಕ್‌ಡೌನ್ ಬಂದಾಗ ಎಲ್ಲರೂ ಇದನ್ನು ಅನುಭವಿಸಿದೆವು. ಇಂತಹ ವೇಳೆ ಒಂದು ಕಾಗದದ ನಡುವೆ ಗೆರೆ ಎಳೆದು, ಎಡಕ್ಕೆ 'ನನ್ನ ಕೈಯಲ್ಲಿಲ್ಲದ್ದು', ಬಲಕ್ಕೆ 'ನನ್ನ ಕೈಯಲ್ಲಿರುವುದು' ಎಂದು ಬರೆಯುವುದು ಒಳ್ಳೆಯ ಅಭ್ಯಾಸ. ಬೆಂಗಳೂರಿನಲ್ಲಿ 1924ರಲ್ಲಿ ಉಡುಪಿ ಕಡೆಯ ಪಾರಂಪಳ್ಳಿಯ ಮಯ್ಯ ಸಹೋದರರು ಆರಂಭಿಸಿದ ಎಂ.ಟಿ.ಆರ್. ಇದಕ್ಕೆ ಉದಾಹರಣೆ. 1975ರ ತುರ್ತು ಪರಿಸ್ಥಿತಿಯ ಅವಧಿಯಲ್ಲಿ ಹೋಟೆಲ್ ತಿನಿಸುಗಳ ದರವನ್ನು ಸರಕಾರ ನಿಯಂತ್ರಿಸಿತು. ಆ ದರದಲ್ಲಿ ತಮ್ಮ ಗುಣಮಟ್ಟ ಉಳಿಸುವುದು ಕಷ್ಟವೆಂದು ಕಂಡಾಗ ಅವರು ಪೊಟ್ಟಣದ ಸಿದ್ಧ ಮಿಶ್ರಣಗಳ ಕಡೆ ತಿರುಗಿದರು. ದರ ಅವರ ಕೈಯಲ್ಲಿರಲಿಲ್ಲ. ರುಚಿ, ಅಳತೆ, ಕೈಗುಣ ಅವರ ಕೈಯಲ್ಲಿತ್ತು. ಆ ಪೊಟ್ಟಣಗಳು ಇಂದು ದೇಶ ವಿದೇಶದ ಅಂಗಡಿಗಳಲ್ಲಿವೆ.

ವೈದ್ಯರ ಬಳಿ ಹೋಗಬೇಕಾದಾಗ

ತೀವ್ರ ಸಿಟ್ಟಿನ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಂಭವ ಎರಡು ಪಟ್ಟಿಗೂ ಹೆಚ್ಚುತ್ತದೆ ಎಂದು 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಒಂದು ಸಲದ ಸಿಟ್ಟಿನ ಅಪಾಯ ಸಣ್ಣದೇ, ಆದರೆ ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನ ಇದ್ದವರು ದಿನಕ್ಕೆ ಐದು ಸಲ ಸಿಟ್ಟಾದರೆ ಅದು ಸಣ್ಣದಾಗಿ ಉಳಿಯದು. ಎದೆ ಬಿಗಿದು ನೋವು ಎಡಗೈಗೋ ದವಡೆಗೋ ಹರಡಿ ಬೆವರು ಬಂದರೆ 'ಗ್ಯಾಸ್' ಎಂದು ಸೋಡಾ ಕುಡಿದು ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ರಾತ್ರಿ ಪೆಗ್ ಇಲ್ಲದೆ ಆಗದು ಎಂಬಂತಾದರೆ, ಬದುಕೇ ಬೇಡವೆನಿಸಿದರೆ ಅದು ನಾಚಿಕೆಯ ವಿಷಯವಲ್ಲ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಹದಿನೈದು ದಿನಗಳ ಅಭ್ಯಾಸ

ಗಲ್ಲಾದ ಡ್ರಾಯರಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಡಿ. ಧ್ವನಿ ಏರಿದಾಗಲೆಲ್ಲ ನಾಲ್ಕೇ ವಿಷಯ ಬರೆಯಿರಿ: ಎಷ್ಟು ಗಂಟೆ, ಯಾವ ಜಾಗ, ಏನಾಯಿತು, ಕೊನೆಯ ಸಲ ಉಂಡದ್ದು ಯಾವಾಗ. ಹದಿನೈದು ದಿನ ಕಳೆದ ಮೇಲೆ ವ್ಯಾಪಾರದ ಲೆಕ್ಕ ನೋಡುವಂತೆ ಅದನ್ನು ನೋಡಿ. ಒಂದೇ ಹೊತ್ತು, ಒಂದೇ ಜಾಗ ಪದೇ ಪದೇ ಕಂಡರೆ ಅಲ್ಲಿ ಸರಿಪಡಿಸಬೇಕಾದ್ದು ವ್ಯವಸ್ಥೆ. ಒಬ್ಬನ ಹೆಸರೇ ಪದೇ ಪದೇ ಕಂಡರೆ ಅವನೊಡನೆ ಕುಳಿತು ಮಾತಾಡಿ. ಜಾಗ, ಹೆಸರು ಬೇರೆ ಬೇರೆಯಾಗಿ ಹಸಿವು, ನಿದ್ದೆ ಮಾತ್ರ ಸಮಾನವಾಗಿದ್ದರೆ ಮೊದಲು ನಿಮ್ಮ ದಿನಚರಿಯನ್ನೇ ಬದಲಿಸಬೇಕು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಕತ್ತಿ ಯಾವ ಹೊತ್ತಿನಲ್ಲಿ ಕೈಗೆ ಬರುತ್ತದೆ ಎಂಬುದನ್ನು ಆ ನೋಟ್‌ಬುಕ್ ಹೇಳುತ್ತದೆ. ಮುಂದಿನ ಮಾಸಿಕ ಸಭೆಗೆ ಬರುವಾಗ ಅದನ್ನು ತನ್ನಿ. ಯಾರೂ ಓದಿ ಹೇಳಬೇಕಾಗಿಲ್ಲ, ಆದರೆ ಯಾವ ಬದಲಾವಣೆಯಿಂದ ಗುಣ ಕಂಡಿತೆಂದು ಹಂಚಿಕೊಂಡರೆ ಉಳಿದ ಸದಸ್ಯರಿಗೂ ಉಪಕಾರವಾದೀತು.