ಕಲ್ಲತ್ತಿಗಿರಿಗೆ ಹೊರಟಿದ್ದೀರಾ? ಊರಿನ ಬಿಸಿಲು ನಂಬಬೇಡಿ

ಅಂತರಘಟ್ಟೆಯಲ್ಲಿ ದುರ್ಗಾಂಬೆಗೆ ಹಣ್ಣುಕಾಯಿ ಮಾಡಿಸಿ, ಅದೇ ಗಾಡಿಯಲ್ಲಿ ಕಲ್ಲತ್ತಿಗಿರಿ ಜಲಪಾತಕ್ಕೂ ಹೋಗಿ ಬರುವವರು ಬಹಳ. ಅವರಲ್ಲಿ ಹೆಚ್ಚಿನವರು ಒಂದೇ ತಪ್ಪು ಮಾಡುತ್ತಾರೆ. ಊರಿನ ಆಕಾಶ ನೋಡಿಕೊಂಡು ಬೆಟ್ಟದ ನೀರಿಗೆ ಇಳಿಯುತ್ತಾರೆ. ಅಜ್ಜಂಪುರ, ಕಡೂರು ಕಡೆಯದು ಬಯಲುಸೀಮೆ. ಇಲ್ಲಿ ಬಿಸಿಲು ಚುರುಗುಟ್ಟುತ್ತಿರುವಾಗಲೇ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿ ಕಡೆ ಮಳೆ ಹುಯ್ಯುತ್ತಿರಬಹುದು. ಕಲ್ಲತ್ತಿಗಿರಿಗೆ ನೀರು ಬರುವುದು ಆ ಬೆಟ್ಟಸಾಲಿನಿಂದಲೇ.

ದಾರಿ ಸುಲಭ. ಅಜ್ಜಂಪುರ, ತರೀಕೆರೆ, ಲಿಂಗದಹಳ್ಳಿ, ಆಮೇಲೆ ಕಲ್ಲತ್ತಿಪುರ. ಕಡೂರಿನವರು ಬೀರೂರಿನ ಮೇಲೆ ಬಂದು ಲಿಂಗದಹಳ್ಳಿ ಸೇರಬಹುದು. ಪೆಟ್ರೋಲು, ಹಣ, ಔಷಧಿ ಏನಿದ್ದರೂ ಕೆಳಗಿನ ಊರುಗಳಲ್ಲೇ ನೋಡಿಕೊಳ್ಳಿ. ಭಾನುವಾರ, ಅಮಾವಾಸ್ಯೆ ಬಿಟ್ಟು ಬೇರೆ ದಿನ ಹೋಗಿ. ಬೆಳಿಗ್ಗೆ ಒಂಬತ್ತರೊಳಗೆ ತಲುಪಿದರೆ ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆ, ಕಿರಿದಾದ ರಸ್ತೆಯಲ್ಲಿ ಬಸ್ಸಿಗೆ ಅಡ್ಡವಾಗುವುದೂ ತಪ್ಪುತ್ತದೆ.

ಜಲಪಾತದ ಬುಡದಲ್ಲೇ ವಿಜಯನಗರ ಕಾಲದ್ದೆನ್ನುವ ವೀರಭದ್ರಸ್ವಾಮಿ ಗುಡಿಯಿದೆ. ಮೊದಲು ಅಲ್ಲಿ ಪೂಜೆ ಮುಗಿಸಿ. ಅಷ್ಟು ಹೊತ್ತಿಗೆ ಆ ದಿನದ ನೀರಿನ ರೀತಿಯೂ ನಿಮಗೆ ತಿಳಿದಿರುತ್ತದೆ. ಗುಡಿಯ ಬಳಿಯ ಅಂಗಡಿಯವರನ್ನು, ‘ರಾತ್ರಿ ಮೇಲೆ ಮಳೆ ಆಯ್ತಾ?’ ಎಂದು ಕೇಳಿ. ಮೊಬೈಲಿನ ಹವಾಮಾನಕ್ಕಿಂತ ನನಗೆ ಅವರ ಮಾತೇ ಹೆಚ್ಚು.

ನೀರು ಏರುವುದನ್ನು ಗುರುತಿಸುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ರಭಸವಾಗಿರುವುದು ಕಣ್ಣಿಗೇ ಕಾಣುತ್ತದೆ, ಜನರೂ ಹೆದರಿ ದೂರ ನಿಲ್ಲುತ್ತಾರೆ. ಮೋಸವಾಗುವುದು ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಲ್ಲಿ. ಬೆಳಿಗ್ಗೆ ನೀರು ಸಣ್ಣಗೆ ಇಳಿಯುತ್ತಿರುತ್ತದೆ. ಮಕ್ಕಳನ್ನೂ ಬಂಡೆಯ ಮೇಲೆ ಕೂರಿಸುತ್ತಾರೆ. ಮಧ್ಯಾಹ್ನ ಮೇಲೆಲ್ಲೋ ಗುಡುಗಿ ಮಳೆ ಸುರಿದರೆ, ಕೆಳಗೆ ಒಂದು ಹನಿಯೂ ಬೀಳದೆ ಹೊಳೆ ಏರುತ್ತದೆ.

ಆದ್ದರಿಂದ ನೀರಿಗಿಳಿಯುವ ಮುನ್ನ, ಅರ್ಧ ಮುಳುಗಿದ ಒಂದು ಬಂಡೆಯನ್ನು ಗುರುತಿಟ್ಟುಕೊಳ್ಳಿ. ಮನೆಯವರಲ್ಲಿ ಒಬ್ಬರು ದಡದಲ್ಲೇ ಉಳಿದು ಅದನ್ನು ನೋಡುತ್ತಿರಲಿ. ಫೋಟೊ ತೆಗೆಯುವ ಕೆಲಸವನ್ನು ಅವರಿಗೆ ಕೊಡಬೇಡಿ. ಒದ್ದೆ ಗೆರೆ ಮೇಲೇರಿದರೆ, ತಿಳಿನೀರು ಕೆಂಪಗೆ ಕದಡಿದರೆ, ತರಗೆಲೆ, ಕಡ್ಡಿ ಒಟ್ಟಾಗಿ ತೇಲಿಬಂದರೆ, ನೀರಿನ ಸದ್ದು ದಪ್ಪವಾದರೆ ತಕ್ಷಣ ಎಲ್ಲರನ್ನೂ ಮೇಲೆ ಕರೆಯಲಿ. ಈ ಬೆಟ್ಟ ಕಬ್ಬಿಣದ ಅದಿರಿನದು. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದಲೇ. ಹಾಗಾಗಿ ಮೇಲಿನ ಮಳೆ ಮಣ್ಣು ಕೊಚ್ಚಿದರೆ ನೀರಿನ ಬಣ್ಣವೇ ಹೇಳುತ್ತದೆ.

ಕರೆದ ಮೇಲೆ ಚಪ್ಪಲಿ, ಟವೆಲು, ಮೊಬೈಲು ಹುಡುಕುತ್ತಾ ನಿಲ್ಲಬೇಡಿ. ಹೊಳೆಯ ಗುಂಟ ಕೆಳಕ್ಕೆ ಓಡಬೇಡಿ, ದಡ ಹತ್ತಿ ಎತ್ತರಕ್ಕೆ ಹೋಗಿ. ಆಚೆ ದಡದಲ್ಲಿ ಸಿಕ್ಕಿಕೊಂಡವರು ಆಚೆಯೇ ಇರಲಿ. ಕೈಕೈ ಹಿಡಿದು ದಾಟುವ ಸಾಹಸ ಬೇಡ, ಒಬ್ಬರು ಜಾರಿದರೆ ಉಳಿದವರನ್ನೂ ಎಳೆಯುತ್ತಾರೆ. ಮಳೆ ನಿಂತ ಮೇಲೆ ನೀರು ಇಳಿಯುವವರೆಗೆ ಕಾಯಬೇಕು. ಹೆದರಿಕೆಯಿದ್ದರೆ 112ಕ್ಕೆ ಕರೆ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಒಬ್ಬರು ಗುಡಿಯ ಕಡೆ ಹೋಗಿ ಜನರಿಗೆ ತಿಳಿಸಲಿ.

ನೀರು ಸಣ್ಣದಿದ್ದರೂ ಪಾಚಿಗಟ್ಟಿದ ಬಂಡೆ ಜಾರುತ್ತದೆ. ಧಾರೆಯ ಪಕ್ಕದ ಬಂಡೆ ಹತ್ತಲೇಬೇಡಿ. ಸುಮಾರು 122 ಮೀಟರ್ ಎತ್ತರದ ಜಲಪಾತವಿದು, ಮೇಲಿನಿಂದ ಉರುಳುವ ಸಣ್ಣ ಕಲ್ಲೂ ತಲೆ ಒಡೆಯುತ್ತದೆ. ಸೀರೆ, ಪಂಚೆ ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತವೆ. ಮೊಣಕಾಲುದ್ದದ ಚಡ್ಡಿ, ಚೂಡಿದಾರ ಮೇಲು. ಕುಡಿದವರನ್ನು ನೀರಿಗೆ ಬಿಡಬೇಡಿ, ಅವರು ಎಷ್ಟೇ ಹತ್ತಿರದ ನೆಂಟರಾಗಿರಲಿ.

ಇನ್ನೊಂದು ಮಾತು. ಮಿಂದ ಬಟ್ಟೆಯನ್ನು ಹೊಳೆಯಲ್ಲೇ ಬಿಟ್ಟು ಬರುವುದನ್ನು ಹರಕೆ ಎಂದುಕೊಂಡವರಿದ್ದಾರೆ. ಅದು ಬಂಡೆಯ ಸಂದಿಯಲ್ಲಿ ಸಿಕ್ಕಿ ಕೊಳೆಯುತ್ತದೆ, ಮುಂದೆ ಬರುವವರ ಕಾಲಿಗೆ ತೊಡರುತ್ತದೆ. ವೀರಭದ್ರ ಅದನ್ನು ಕೇಳಿಲ್ಲ. ಹಿಂಡಿ ಮನೆಗೆ ಒಯ್ಯಿರಿ. ಸೋಪು, ಶಾಂಪೂ ಅಲ್ಲಿ ಬೇಡವೇ ಬೇಡ.

ಹೆಬ್ಬೆಯ ಆಸೆಯಿದ್ದರೆ

ಹೆಬ್ಬೆ ಜಲಪಾತವನ್ನು ಇದೇ ದಿನಕ್ಕೆ ಸೇರಿಸಬೇಡಿ. ಕಾಡಿನೊಳಗಿನ ದಾರಿ, ಜೀಪು, ಕೊನೆಗೆ ನಡಿಗೆ, ಎಲ್ಲಕ್ಕೂ ಹೊತ್ತು ಬೇಕು. ಮಳೆಗಾಲದಲ್ಲಿ ಇಂಬಳಕ್ಕೆ ಉಪ್ಪು ಇಟ್ಟುಕೊಳ್ಳಿ. ಪ್ರವೇಶ ಇದೆಯೇ ಎಂದು ಹಿಂದಿನ ದಿನವೇ ವಿಚಾರಿಸಿ. ಅರಣ್ಯದವರು ಬೇಡವೆಂದರೆ ವಾದಿಸದೆ ಹಿಂದಿರುಗಿ. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಾಲಯವಿದೆ, ಆ ದಿನ ಅದನ್ನು ನೋಡಿ.